ಸೋರುವ ಮಾಳಿಗೆಯೂ ಗಿಟಾರಿನ ತಂತಿಯೂ

ಪದ್ಯಪಾಠ ಮುಗಿದು ಗಂಟೆ ಬಾರಿಸಲು ಐದು ನಿಮಿಷ ಉಳಿದಾಗ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: “ಸರ್, ನಿಮಗ ಯಾವ ಹಾಡು ಭಾಳ ಸೇರ್ತದ್ರಿ?” ಕನ್ನಡ ಶಿಕ್ಷಕರಾದ್ದರಿಂದ ಬೇಂದ್ರೆಯವರದೋ ಕುವೆಂಪು ಅವರದೋ ಒಂದು ಗೀತೆ ಹೇಳಿಯಾರೆಂದು ಅವರ ನಿರೀಕ್ಷೆ. ರಾಕ್ ಹಾಡೆಂದು ನಾವು ಹೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆ. ನಗಲಿ. ಅದರ ಹಿಂದಿನ ಕಥೆಯನ್ನು ವರ್ಗದಲ್ಲಿ ಎಂದೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇವೆ, ಪಾಲಕರೂ ಓದಬಹುದು.

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ ಮಾಧ್ಯಮ. ತಂದೆಯವರು ಒಕ್ಕಲುತನ ಮಾಡುತ್ತ, ಸೋಮವಾರ ರಾತ್ರಿ ಗುಡಿಯ ಭಜನೆಯಲ್ಲಿ ಏಕತಾರಿ ಹಿಡಿಯುತ್ತಿದ್ದರು. ಶಿಶುನಾಳ ಶರೀಫರ ಪದಗಳೆಂದರೆ ಅವರಿಗೆ ಪ್ರಾಣ. ಅದರಲ್ಲೂ ಸೋರುವ ಮಾಳಿಗೆಯ ಪದ.

ನಮ್ಮ ಮನೆಯ ಮಣ್ಣಿನ ಮಾಳಿಗೆಯೂ ಮಳೆಗಾಲದಲ್ಲಿ ಸೋರುತ್ತಿತ್ತು. ಅವ್ವ ಬೋಗುಣಿ, ಚರಿಗೆ, ಪರಾತಗಳನ್ನು ಸೋರುವಲ್ಲೆಲ್ಲ ಇಡುತ್ತಿದ್ದಳು. ಜೋಳದ ಚೀಲ ಒಣ ಮೂಲೆಗೆ, ನಾವು ಮಕ್ಕಳು ಚೀಲದ ಮೇಲೆ. ಪಾತ್ರೆಗಳಲ್ಲಿ ಹನಿ ಬೀಳುವ ತಾಳಕ್ಕೆ ತಂದೆಯವರು ಪದ ಎತ್ತಿದರೆ ಅವ್ವನಿಗೆ ಸಿಟ್ಟು. “ಹಾಡೂದು ಸಾಕು, ಮ್ಯಾಲ ಹತ್ತಿ ಮಣ್ಣ ಹಾಕ್ರಿ” ಎನ್ನುವಳು. ಶರೀಫರು ಮನೆಯೆಂದದ್ದು ಈ ದೇಹ-ಮನಸ್ಸುಗಳನ್ನು, ಸೋರಿಕೆಯೆಂದದ್ದು ಅಜ್ಞಾನವನ್ನು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಆಗ ಅದು ನಮ್ಮ ಮನೆಯ ಮೇಲೆಯೇ ಕಟ್ಟಿದ ಪದವೆಂದು ನಂಬಿದ್ದೆವು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಕೆಲಕಾಲ ಶಾಲಾ ಶಿಕ್ಷಕರೂ ಆಗಿದ್ದರು. ನಮ್ಮ ವೃತ್ತಿಯವರು ಎಂಬ ಸಣ್ಣ ಹೆಮ್ಮೆ ನಮಗಿದೆ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ತರುವಾಯ ಸಿ. ಅಶ್ವತ್ಥರ ಕಂಠದಲ್ಲಿ ಆ ಪದ ಕ್ಯಾಸೆಟ್ಟಿನಲ್ಲಿ ನಮ್ಮ ಹಳ್ಳಿಗೂ ಬಂತು. ತಂದೆಯವರು ತಲೆದೂಗಿ ಕೇಳಿದರು, ತಮ್ಮ ಧಾಟಿಯನ್ನು ಮಾತ್ರ ಬದಲಿಸಲಿಲ್ಲ.

1999ರಲ್ಲಿ ಡಿ.ಎಡ್. ಕಲಿಯಲು ಸೋಲಾಪುರಕ್ಕೆ ಬಂದೆವು. ಒಂದು ಕೋಣೆಯಲ್ಲಿ ನಾಲ್ವರು: ಇಬ್ಬರು ಮರಾಠಿಯವರು, ನೇಕಾರ ಮನೆತನದ ಒಬ್ಬ ತೆಲುಗು ಹುಡುಗ, ನಾವು. ಆ ತೆಲುಗು ಗೆಳೆಯನ ಬಳಿ ಟೇಪ್ ರೆಕಾರ್ಡರ್ ಇತ್ತು. ಅಮೇರಿಕದ ಈಗಲ್ಸ್ ತಂಡದ 1976ರ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ನಾವು ಕೇಳಿದ್ದು ಅದರಲ್ಲೇ. ಶಬ್ದಗಳು ಅರ್ಧವೂ ತಿಳಿಯಲಿಲ್ಲ. ಆದರೆ ಕೊನೆಯಲ್ಲಿ ಎರಡು ಗಿಟಾರುಗಳು ಒಂದರ ಮಾತನ್ನೊಂದು ಹಿಡಿದು ಬಹಳ ಹೊತ್ತು ನುಡಿಯುತ್ತವಲ್ಲ, ಅಲ್ಲಿ ಬಂದಾಗ ನಾಲ್ವರೂ ಸುಮ್ಮನಾಗುತ್ತಿದ್ದೆವು. ಪಾಠಟಿಪ್ಪಣಿ ಬರೆಯುವ ರಾತ್ರಿಗಳು ಆ ಹಾಡಿನಲ್ಲೇ ಕಳೆದವು. ನಾವು ಪಟ್ಟಣದವರಾದೆವೆಂಬ ಭ್ರಮೆಯೂ ಅದರ ಜೊತೆಗೇ ಬಂತು.

ಮುಂದಿನ ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ. ಏಳು ನಂದಿಧ್ವಜಗಳ ಮೆರವಣಿಗೆ ನೋಡಲು ಬಂದ ತಂದೆಯವರು, ಹೆಗಲಿಗೆ ಏಕತಾರಿ, ಕೈಯಲ್ಲಿ ಬುತ್ತಿಗಂಟು ಹಿಡಿದು ನೇರವಾಗಿ ಕೋಣೆಗೇ ಬಂದರು. ಟೇಪು ಹಾಡುತ್ತಿತ್ತು. ಒಬ್ಬ ಗೆಳೆಯ ಮೆಲ್ಲಗೆ ಕೇಳಿದ, “ಕೋಣ್ ರೇ ಹೇ?” ನಾವು ಅಂದೆವು, “ಗಾವಾಕಡಚೇ ಆಹೇತ್.” ಊರ ಕಡೆಯವರು ಎಂದರ್ಥ. ತಂದೆಯೆನ್ನಲಿಲ್ಲ.

ಅಕ್ಕಲಕೋಟ ಸೀಮೆಯಲ್ಲಿ ಮರಾಠಿ ತಿಳಿಯದವರು ಯಾರು? ತಂದೆಯವರು ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಗಂಟು ಬಿಚ್ಚಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ನಾಲ್ವರಿಗೂ ಸರಿಯಾಗಿ ಹಂಚಿದರು. ಗೋಡೆಗೆ ಒರಗಿಸಿದ್ದ ಏಕತಾರಿಯನ್ನು ತೆಗೆದುಕೊಂಡು ಹೊರಟರು. ಅಂದು ರಾತ್ರಿ ಗುಡಿಯ ಕಡೆ ಹೋಗಿ ಹುಡುಕಿದೆವು. ಆ ಜನಸಂದಣಿಯಲ್ಲಿ ಸಿಗಲಿಲ್ಲ. ಆ ಮಾತನ್ನು ಅವರು ಮುಂದೆಂದೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ. 2006ರಲ್ಲಿ ಅವರು ತೀರಿಕೊಂಡರು.

ಮೂರು ವರ್ಷಗಳ ಮೇಲೆ ಒಂದು ಸಂಜೆ ಸೋಲಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಊರಿಗೆ ಹೊರಟಿದ್ದೆವು. ಮುಂದಿನ ಸೀಟಿನ ತರುಣ ಮೊಬೈಲಿನಲ್ಲಿ ಹಾಡು ಹಚ್ಚಿದ. ಗಿಟಾರು, ಡ್ರಮ್ಮು, ಅವುಗಳ ನಡುವೆ ನಮ್ಮ ಸೋರುವ ಮಾಳಿಗೆ! ಯಾರದೆಂದು ಕೇಳಿದರೆ ರಘು ದೀಕ್ಷಿತರ ತಂಡದ್ದೆಂದ. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ರಾಕ್ ಹಾಡುವ ಗಾಯಕರು ಅವರು. 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವೂ ಇದೆ ಎಂಬುದು ಆಮೇಲೆ ತಿಳಿಯಿತು. ಸೋಲಾಪುರದ ಕೋಣೆಯಲ್ಲಿ ಯಾವ ವಾದ್ಯಕ್ಕೆ ಮರುಳಾಗಿ ತಂದೆಯವರನ್ನು ಊರ ಕಡೆಯವರೆಂದಿದ್ದೆವೋ ಅದೇ ವಾದ್ಯ ಈಗ ಅವರ ಪದವನ್ನು ನುಡಿಯುತ್ತಿತ್ತು. ವಳಸಂಗ ದಾಟಿದ್ದು ನಮಗೆ ತಿಳಿಯಲಿಲ್ಲ.

ಇಂಥ ಹಾಡುಗಳೆಲ್ಲ ನಮಗೆ ಒಪ್ಪುತ್ತವೆಂದಲ್ಲ. ಡ್ರಮ್ಮಿನ ಅಬ್ಬರದಲ್ಲಿ ಅಕ್ಷರ ಮುಳುಗಿದರೆ ಕನ್ನಡ ಶಿಕ್ಷಕರ ಕಿವಿ ಸಹಿಸದು.

ಹೋದ ವರ್ಷದ ಸ್ನೇಹ ಸಮ್ಮೇಳನಕ್ಕೆ ಒಂಬತ್ತನೆಯ ಇಯತ್ತೆಯ ಹುಡುಗರು ಗಿಟಾರು ತಂದು ಇದೇ ಪದವನ್ನು ಹಾಡುತ್ತೇವೆಂದರು. ತಾಲೀಮು ನೋಡಿದ ಹಿರಿಯ ಪಾಲಕರೊಬ್ಬರು, “ಸರ್, ಶರೀಫರ ಪದಕ್ಕ ಇಷ್ಟು ಗದ್ದಲ ಯಾಕ್ರಿ?” ಎಂದು ಬೇಸರಪಟ್ಟರು. ಅವರೂ ಭಜನೆಯವರು. ನಮಗೆ ಉತ್ತರ ಹೊಳೆಯಲಿಲ್ಲ. ನೀವೂ ತಾಳ ಹಿಡಿದು ಕೂಡ್ರಿ ಎಂದೆವು. ಬಂದು ಕುಳಿತರು. ಹುಡುಗರು ಓಡಿದಲ್ಲೆಲ್ಲ ಅವರ ತಾಳ ಹಿಡಿದು ನಿಲ್ಲಿಸಿತು. ಹಾಡಿನ ಪರಿಚಯ ಹೇಳುವಾಗ ನಾವು, “ಈ ಪದವನ್ನು ನಮಗೆ ಕಲಿಸಿದವರು ನಮ್ಮ ತಂದೆಯವರು” ಎಂದೆವು. ಅವ್ವ ಮುಂದಿನ ಸಾಲಿನಲ್ಲಿದ್ದಳು.

ಆ ಬಳಿಕ ಅಟ್ಟದ ಮೇಲಿನ ಏಕತಾರಿಯನ್ನು ಕೆಳಗಿಳಿಸಿದೆವು. ತಂತಿ ಹರಿದಿತ್ತು. ಗಿಟಾರಿನ ಹುಡುಗನೇ ತನ್ನಲ್ಲಿದ್ದ ಒಂದು ತಂತಿ ತಂದು ಕಟ್ಟಿಕೊಟ್ಟ. ಸ್ವರ ತುಸು ಏರಿಯೇ ಬರುತ್ತದೆ. ಇಳಿಸುವ ಬಗೆ ನಮಗಿನ್ನೂ ಹತ್ತಿಲ್ಲ.