ತಕ್ಕಡಿಯ ನಡುಕ

ಇತಿಹಾಸ, ಕನ್ನಡಗಳನ್ನು ಓದುವ ನಾನು ವಿದ್ಯುತ್ತಿನ ವಿಷಯ ಬರೆಯಹೊರಟರೆ ವಿಜ್ಞಾನದ ಮಿತ್ರರು ನಕ್ಕಾರು. ನಗಲಿ. ಬೇಸಿಗೆಯ ರಜೆಯಲ್ಲಿ ಬೆಂಗಳೂರಿನ ಅಣ್ಣನ ಪುಟ್ಟ ಕಾರ್ಖಾನೆಯಲ್ಲಿ ಹದಿನೈದು ದಿನ ಟಾರ್ಚು ಹಿಡಿದು ನಿಂತವನು ನಾನು.

ಏಲಕ್ಕಿ ವ್ಯಾಪಾರಿಯೊಬ್ಬರು ಹತ್ತು ಕಿಲೋ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಕೇಳಿದ್ದರು. ಮುಂಗಡ ಹಣ ಬಂದಿತ್ತು, ಖರ್ಚೂ ಆಗಿತ್ತು. ಆದರೆ ಬರಿಯ ತಟ್ಟೆಯಲ್ಲೇ ಅಂಕಿ ಹನ್ನೆರಡು ಗ್ರಾಮಿನಷ್ಟು ಕುಣಿಯುತ್ತಿತ್ತು! ಏಲಕ್ಕಿಯ ಬೆಲೆ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ತಟ್ಟೆಯ ಕೆಳಗಿನ ಲೋಹದ ತುಂಡು ಭಾರಕ್ಕೆ ತುಸು ಬಾಗುತ್ತದೆ; ಅದಕ್ಕೆ ಅಂಟಿಸಿದ ತೆಳುಪಟ್ಟಿಗಳ ರೋಧ ಬದಲಾಗುತ್ತದೆ. 5 ವೋಲ್ಟ್ ಕೊಟ್ಟರೆ ಹತ್ತು ಕಿಲೋವಿಗೆ ದೊರೆಯುವುದು 10 ಮಿಲಿವೋಲ್ಟ್. ಅಂದರೆ ಗ್ರಾಮಿಗೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗ.

ರೋಧವಿದ್ದಲ್ಲೆಲ್ಲ ಶಾಖದಿಂದಲೇ ಒಂದು ಗದ್ದಲವಿರುತ್ತದೆ. 1928ರಲ್ಲಿ ಜಾನ್ಸನ್ ಅದರ ಅಳತೆಯನ್ನೂ ನೈಕ್ವಿಸ್ಟ್ ಅದರ ಲೆಕ್ಕವನ್ನೂ ಪ್ರಕಟಿಸಿದರು. ಇದನ್ನು ಎಲ್ಲೋ ಓದಿದ್ದ ನಾನು, “ಅದೇ ಇರಬಹುದೇನಣ್ಣಾ?” ಎಂದೆ. ಅಣ್ಣ ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಹಾಕಿದ. 350 ಓಮಿನ ರೋಧಕ್ಕೆ, ನಮ್ಮ ನಿಧಾನದ ಅಳತೆಯಲ್ಲಿ, ಅದು ಗ್ರಾಮಿನ ನೂರರಲ್ಲೊಂದು ಭಾಗವೂ ಆಗಲಿಲ್ಲ. “ಪ್ರಕೃತಿಯ ಮೇಲೆ ಹಾಕಬೇಡವೋ. ಇದು ನನ್ನ ಕೈಯ ತಪ್ಪು” ಎಂದ.

ತಪ್ಪು ಮೂರನೆಯ ರಾತ್ರಿ ಸಿಕ್ಕಿತು. ಸರ್ಕ್ಯೂಟ್ ಬೋರ್ಡಿನ ಕೆಳಮೈಯ ತಾಮ್ರದ ಹಾಸನ್ನು ಅವನು ಎರಡಾಗಿ ಸೀಳಿದ್ದ. ಒಂದು ಕಡೆ ಅಳತೆಯ ನಾಜೂಕು ಭಾಗ, ಇನ್ನೊಂದು ಕಡೆ ಸದಾ ಮಿಡಿಯುವ ಡಿಜಿಟಲ್ ಭಾಗ. ಜಗಳಗಂಟಿ ದಾಯಾದಿಗಳ ಹೊಲಕ್ಕೆ ಬೇಲಿ ಹಾಕಿದ ಹಾಗೆ. ಆದರೆ ಮೇಲ್ಮೈಯ ಎರಡು ಗೆರೆಗಳು ಆ ಸೀಳನ್ನು ದಾಟಿದ್ದವು. ಹೋದ ವಿದ್ಯುತ್ತು ಮರಳಲೇಬೇಕು. ಬೇಗ ಬೇಗ ಮಿಡಿಯುವಂಥದು ತಾನು ಹೋದ ಗೆರೆಯ ನೇರ ಕೆಳಗೇ ಮರಳಲು ಹವಣಿಸುತ್ತದೆ. ಅಲ್ಲಿ ಹಾದಿ ಕಡಿದಿದ್ದರಿಂದ ಬೋರ್ಡಿನ ಅಂಚನ್ನೆಲ್ಲ ಬಳಸಿ, ಅಳತೆಯ ಗೆರೆಗಳನ್ನು ಕೆಣಕಿಕೊಂಡು ಬರುತ್ತಿತ್ತು. ಗೆರೆಗಳು ದಾಟುವಲ್ಲೇ ಸೀಳಿಗೆ ಅಡ್ಡಲಾಗಿ ಒಂದು ತುಂಡು ತಂತಿ ಬೆಸೆದೆವು. ಹನ್ನೆರಡು ಮೂರಕ್ಕಿಳಿಯಿತು.

ಆ ಮೂರು ಶಾಖದ ಕಾಟ. ಭಿನ್ನ ಲೋಹಗಳು ಕೂಡುವ ಎರಡು ಬೆಸುಗೆಗಳಲ್ಲಿ ಒಂದು ಹೆಚ್ಚು ಬಿಸಿಯಾದರೆ ತಾನಾಗಿ ವೋಲ್ಟು ಹುಟ್ಟುತ್ತದೆ. ಹೊಸ ಬೋರ್ಡಿನಲ್ಲಿ ಬಿಸಿಯಾಗುವ ರೆಗ್ಯುಲೇಟರನ್ನು ದೂರದ ಮೂಲೆಗೆ ಕಳಿಸಿದ, ತಾಮ್ರವನ್ನು ಸೀಳದೆ ಇಡಿಯಾಗಿ ಬಿಟ್ಟ.

ವ್ಯಾಪಾರಿ ಬಂದವರೇ ಜೇಬಿನಿಂದ ಒಂದು ಏಲಕ್ಕಿ ತೆಗೆದು ತಟ್ಟೆಯ ಮೇಲಿಟ್ಟರು. ಅಂಕಿ ಅಲುಗಲಿಲ್ಲ. ಅಣ್ಣನ ಮುಖ ಬಾಡಿತು. “ಒಂದೇ ಕಾಯಿ ಗ್ರಾಮು ತೂಗುತ್ತದೆಯೇ ಸ್ವಾಮೀ?” ಎಂದೆ ನಾನು. ಅವರು ನಕ್ಕು ಇನ್ನೊಂದಿಷ್ಟು ಕಾಯಿ ಹಾಕಿದರು. ಒಂದು ಎಂದು ತೋರಿತು. ನಾವು ಮೂವರೂ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತೆವು. ಅದು ಒಂದೇ ಆಗಿತ್ತು.