ಚಿಕ್ಕಮ್ಮ ಒತ್ತದ ಬಟನ್ನು

"ನೀನು ಬೆಂಗ್ಳೂರಲ್ಲಿ ಮಾಡೋ ಕೆಲ್ಸ ಏನ್ಲಾ?" ಅಂತ ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ಕೇಳ್ತಾರೆ. ಪ್ರತಿ ಸಲ "ಕಂಪ್ಯೂಟರ್ ಕೆಲ್ಸ" ಅಂತ ಹೇಳಿ ತಪ್ಪಿಸ್ಕೊಳ್ತಿದ್ದೆ. ಈ ಸಲ ಗೌರಿ ಹಬ್ಬಕ್ಕೆ ಊರಿಗೆ (ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ) ಹೋದಾಗ ಅದೇನು ಧೈರ್ಯ ಬಂತೋ, "ಕನ್ವರ್ಷನ್ ಮಾಡ್ಸೋದು ಚಿಕ್ಕಪ್ಪ" ಅಂದುಬಿಟ್ಟೆ. ಜಗಲಿ ಮೇಲೆ ಒರಗಿದ್ದವರು ನೆಟ್ಟಗೆ ಕೂತರು. "ಯಾವ ಸರ್ವೆ ನಂಬರ್ದು? ಡಿ.ಸಿ. ಆಫೀಸಲ್ಲಿ ಯಾರು ಗೊತ್ತು ನಿಂಗೆ?"

ನಮ್ಮ ಕಡೆ ಕನ್ವರ್ಷನ್ ಅಂದ್ರೆ ಅದೊಂದೇ. ಹೊಲಾನ ಸೈಟ್ ಮಾಡೋದು. ನಾನು ಮಾಡೋದು ಸೈಟ್‌ಗೆ ಬಂದವರನ್ನ ಗಿರಾಕಿ ಮಾಡೋದು. ಸಂತೇಲಿ ನೂರು ಜನ ನಿಮ್ಮ ಗುಡ್ಡೆ ಮುಂದೆ ನಿಂತು ರೇಟ್ ಕೇಳಿ, ಅದರಲ್ಲಿ ಇಬ್ಬರು ಕೊಂಡರೆ ನೂರಕ್ಕೆ ಎರಡು. ಅದನ್ನ ಮೂರು ಮಾಡೋದು ನನ್ನ ಕೆಲಸ ಅಂತ ಬಿಡಿಸಿ ಹೇಳಿದೆ. "ಒಬ್ಬನ್ನ ಜಾಸ್ತಿ ಮಾಡಕ್ಕೆ ಸಂಬಳ ಕೊಡ್ತಾರಾ!" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಂಗಾದ್ರೆ ನಿನ್ ತಮ್ಮಂದು ಒಸಿ ನೋಡಪ್ಪ" ಅಂದರು.

ತಮ್ಮ ಅಂದರೆ ಚಿಕ್ಕಪ್ಪನ ಮಗ. ತುಮಕೂರಲ್ಲಿದ್ದ ಕೆಲಸ ಬಿಟ್ಟು ಬಂದು, ಸಾಲ ಮಾಡಿ ಗಾಣ ಹಾಕಿದ್ದಾನೆ. ಸ್ವಂತ ತೋಟದ ಕೊಬ್ಬರಿ, ಎಣ್ಣೆ ಚೆನ್ನಾಗೇ ಇದೆ. ಅವನೇ ಕೂತು ಒಂದು ವೆಬ್‌ಸೈಟ್ ಕೂಡ ಮಾಡ್ಕೊಂಡಿದ್ದಾನೆ. ದಿನಕ್ಕೆ ಹತ್ತು ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. "ದೀಪಾವಳಿವರೆಗೆ ನೋಡ್ತೀನಿ ಅಣ್ಣ. ಆಗ್ಲಿಲ್ಲ ಅಂದ್ರೆ ಅಲ್ಲೇ ಎಲ್ಲಾದ್ರೂ ಕೆಲ್ಸ ಹುಡುಕ್ಕೊಡು" ಅಂದ. ಮುಖ ನೋಡೋಕಾಗಲಿಲ್ಲ.

ನನ್ನ ಬತ್ತಳಿಕೆಯಲ್ಲಿ ಇರೋ ಬಾಣ ಒಂದೇ: ಎ/ಬಿ ಟೆಸ್ಟು. ಒಂದೇ ಪುಟದ ಎರಡು ನಮೂನೆ ಮಾಡಿ, ಬಂದವರಲ್ಲಿ ಅರ್ಧ ಜನಕ್ಕೆ ಇದು, ಇನ್ನರ್ಧಕ್ಕೆ ಅದು ತೋರಿಸಿ, ಯಾವುದಕ್ಕೆ ಜಾಸ್ತಿ ಜನ ಬಟನ್ ಒತ್ತಿದರು ಅಂತ ಎಣಿಸೋದು. ಇದರ ದೊಡ್ಡ ಕತೆ ಒಬಾಮಾದು. 2007ರ ಡಿಸೆಂಬರಿನಲ್ಲಿ ಡ್ಯಾನ್ ಸಿರೋಕರ್ ಅನ್ನೋರು ಆ ಪ್ರಚಾರದ ವೆಬ್‌ಸೈಟಿನಲ್ಲಿ ನಾಲ್ಕು ಬಟನ್ನು, ಆರು ಚಿತ್ರ-ವಿಡಿಯೋ ಸೇರಿಸಿ 24 ಜೋಡಿ ಮಾಡಿ ಪರೀಕ್ಷೆಗೆ ಇಟ್ಟರು. ಒಳಗಿನ ಜನಕ್ಕೆಲ್ಲ ವಿಡಿಯೋನೇ ಗೆಲ್ಲುತ್ತೆ ಅಂತ ನಂಬಿಕೆ. ಗೆದ್ದಿದ್ದು ಹೆಂಡತಿ ಮಕ್ಕಳ ಜೊತೆಗಿನ ಸಾದಾ ಫೋಟೋ, 'ಲರ್ನ್ ಮೋರ್' ಅನ್ನೋ ಬಟನ್ನು. ಹೆಸರು ಕೊಡೋರು ನೂರಕ್ಕೆ 8.26 ಇದ್ದದ್ದು 11.6 ಆಯ್ತು.

ಆದರೆ ಅವರ ಪರೀಕ್ಷೆಗೆ ಸಿಕ್ಕಿದ್ದು 3,10,382 ಜನ. ನಮ್ಮ ಹುಡುಗನಿಗೆ ದಿನಕ್ಕೆ ಹತ್ತು! ನೂರಕ್ಕೆ ಎರಡು ಮೂರಾಗಿದೆ, ಅದು ಅದೃಷ್ಟ ಅಲ್ಲ ಅಂತ ಒಂದು ಮಟ್ಟಕ್ಕೆ ನಂಬಬೇಕಾದ್ರೆ ಒಂದೊಂದು ನಮೂನೆಗೂ ಹೆಚ್ಚುಕಮ್ಮಿ 3,800 ಜನ ಬೇಕು. ಎರಡೂ ಸೇರಿ 7,600. ಹತ್ತರ ಲೆಕ್ಕದಲ್ಲಿ 760 ದಿನ. ಅಷ್ಟೊತ್ತಿಗೆ ಇವತ್ತು ನೆಟ್ಟ ಗಿಡ್ಡ ತಳಿ ತೆಂಗು ಹೊಂಬಾಳೆಗೆ ಹತ್ತಿರ ಬಂದಿರುತ್ತೆ, ಇವನು ಬೆಂಗಳೂರಲ್ಲಿ ಯಾವುದೋ ಪಿ.ಜಿ.ಯಲ್ಲಿ ಇರ್ತಾನೆ.

ಹೀಗೆ ಬಾಣ ಇಲ್ಲದೆ ಕೂತಿದ್ದಾಗ ಚಿಕ್ಕಮ್ಮ ಕಾಫಿ ತಂದ್ರು. ಸುಮ್ನೆ ಅವರ ಕೈಗೆ ಫೋನ್ ಕೊಟ್ಟು, "ನಿಮ್ ಮಗನ ಅಂಗಡೀಲಿ ಒಂದು ಲೀಟರ್ ಎಣ್ಣೆ ತಗೊಳ್ಳಿ ನೋಡೋಣ" ಅಂದೆ. ತಮ್ಮ ಬಾಯಿ ಹಾಕೋಕೆ ಬಂದ, ಕಣ್ಣಲ್ಲೇ ತಡೆದೆ. ಹೇಳಿಕೊಟ್ರೆ ಕೆಟ್ಟಿತು.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡರು. 'ಕೋಲ್ಡ್ ಪ್ರೆಸ್ಡ್' ಅಂತ ಇಂಗ್ಲಿಷಲ್ಲಿ ಇದ್ದದ್ದನ್ನ ಕೂಡಿಸಿ ಕೂಡಿಸಿ ಓದಿ, "ಇದು ನಮ್ ಗಾಣದ್ದಲ್ವಾ?" ಅಂದರು. ಹೇಗೋ ಮುಂದೆ ಹೋದರು. ಅಲ್ಲಿ ಮೊದಲು ರಿಜಿಸ್ಟರ್ ಆಗಿ ಅಂತ ಬಂತು: ಹೆಸರು, ಮೊಬೈಲು, ಇಮೇಲು, ಹುಟ್ಟಿದ ದಿನ, ಪಾಸ್‌ವರ್ಡು. "ಒಂದ್ ಲೀಟ್ರು ಎಣ್ಣೆಗೆ ನನ್ ಜಾತ್ಕ ಯಾಕ್ಲಾ ಕೇಳ್ತೈತೆ ಇದು?" ತಮ್ಮ ತಲೆ ಕೆರ್ಕೊಂಡ. ಹುಟ್ಟಿದ ದಿನ ಯಾಕೆ ಕೇಳಿದ್ದ ಅಂತ ಅವನಿಗೂ ಗೊತ್ತಿರಲಿಲ್ಲ, ಸಿಕ್ಕಿದ ಟೆಂಪ್ಲೇಟಲ್ಲಿ ಇತ್ತಂತೆ.

ಅಡ್ರೆಸ್ ಹತ್ರ ಫ್ಲಾಟ್ ನಂಬರ್ ಕೊಡಲೇಬೇಕು. ಅಂಚೆ, ಹೋಬಳಿ ಬರೆಯೋಕೆ ಜಾಗವೇ ಇಲ್ಲ. ಸಿ.ಎಸ್. ಪುರದ ಗಾಣಕ್ಕೆ ಸಿ.ಎಸ್. ಪುರದಿಂದಲೇ ಆರ್ಡರ್ ಮಾಡೋಕಾಗಲ್ಲ :-) ಕೊನೆಗೆ ಬಂದಾಗ ಅಲ್ಲೀವರೆಗೆ ಇಲ್ಲದ ಕೊರಿಯರ್ ದುಡ್ಡು ಸೇರಿಕೊಂಡು ಬೆಲೆ ಏರಿತು. ಚಿಕ್ಕಮ್ಮ ಫೋನನ್ನ ದಿಂಬಿನ ಮೇಲೆ ಇಟ್ಟು, "ನಾನಾಗಿದ್ರೆ ತಗೊಳ್ತಿರ್ಲಿಲ್ಲ ಕಣಪ್ಪ" ಅಂದರು.

ಅವರು ಇವನ ಗಿರಾಕಿ ಅಲ್ಲ, ನಿಜ. ಗಿರಾಕಿಗಳು ಇರೋದು ಬೆಂಗಳೂರಲ್ಲಿ, ಫ್ಲಾಟ್ ನಂಬರ್ ಇರೋ ಮನೆಗಳಲ್ಲಿ. ಆದರೆ ಜಾತಕದ ಮಾತು ನನಗೆ ಎಲ್ಲೋ ಓದಿದ ಹಾಗಿತ್ತು. ಜೇರೆಡ್ ಸ್ಪೂಲ್ ಅನ್ನೋ ಅಮೆರಿಕದ ಯೂಸಬಿಲಿಟಿ ತಜ್ಞರು 2009ರಲ್ಲಿ ಒಂದು ದೊಡ್ಡ ಅಂಗಡಿಯ ಕತೆ ಬರೆದಿದ್ದರು (ಹೆಸರು ಹೇಳಿಲ್ಲ). ಅಲ್ಲೂ ಕೊಳ್ಳೋ ಮುಂಚೆ ರಿಜಿಸ್ಟರ್ ಆಗಬೇಕಿತ್ತು. ಜನರನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಾಗ ಗೊತ್ತಾಗಿದ್ದು, ಕೊಳ್ಳೋಕೆ ಬಂದವರು ಆ ಒಂದು ಬಟನ್ ನೋಡಿ ಸಿಟ್ಟಾಗ್ತಿದ್ದಾರೆ ಅಂತ. ಅದನ್ನ ತೆಗೆದು 'ಮುಂದುವರಿಸಿ' ಅಂತ ಹಾಕಿ, ಖಾತೆ ಬೇಕಿಲ್ಲ ಅಂತ ಒಂದು ಸಾಲು ಬರೆದರು. ಕೊಳ್ಳೋರು ಶೇಕಡಾ 45 ಜಾಸ್ತಿಯಾದ್ರು, ಮೊದಲ ವರ್ಷವೇ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರ. ನಮ್ಮ ಚಿಕ್ಕಮ್ಮ ಅದನ್ನೇ ಒಂದು ಲೋಟ ಕಾಫಿ ಆರೋದರೊಳಗೆ ಹೇಳಿದ್ರು.

ಇಷ್ಟಕ್ಕೇ ಮುಗಿದಿದ್ರೆ ಜಂಬ ಕೊಚ್ಚಿಕೊಂಡು ಬರೀಬಹುದಿತ್ತು. ಚಿಕ್ಕಮ್ಮ ಮತ್ತೆ ಫೋನ್ ಎತ್ತಿಕೊಂಡು ಕಣ್ಣು ಕಿರಿದು ಮಾಡಿ ನೋಡಿ, "ಅಲ್ಲಾ, ನಾನು ಕೇಳ್ದೆ ಸೋಪು ಯಾಕ್ ಹಾಕವ್ನೆ?" ಅಂದರು.

ಕೊಬ್ಬರಿ ಎಣ್ಣೆ ಸೋಪು. ಆರ್ಡರಿನ ಕೆಳಗೆ ಸಣ್ಣದಾಗಿ, ಮೊದಲೇ ಟಿಕ್ ಆಗಿ ಕೂತಿತ್ತು. ಬೇಡ ಅಂದ್ರೆ ನಾವೇ ತೆಗೀಬೇಕು. ತಮ್ಮ ನನ್ನ ಮುಖ ನೋಡಿದ. ಯಾಕಂದ್ರೆ ಅದನ್ನ ಹೇಳಿಕೊಟ್ಟಿದ್ದು ನಾನೇ. ಯುಗಾದಿ ಹೊತ್ತಲ್ಲಿ ಫೋನ್ ಮಾಡಿದ್ದಾಗ, "ಟಿಕ್ ಹಾಕೇ ಇಡು, ಅರ್ಧ ಜನ ನೋಡೋದೇ ಇಲ್ಲ" ಅಂದಿದ್ದೆ.

ಹಿಂದೆ ನಾನಿದ್ದ ಕಂಪನಿಯಲ್ಲಿ ಇದೇ ಪರೀಕ್ಷೆ ಮಾಡಿದ್ದೆ. ಟಿಕ್ ಇದ್ದ ಪುಟ, ಟಿಕ್ ಇಲ್ಲದ ಪುಟ. ಟಿಕ್ ಇದ್ದದ್ದು ಭರ್ಜರಿಯಾಗಿ ಗೆದ್ದಿತು. ಚಪ್ಪಾಳೆ ಹೊಡೆದರು, ಕೇಕ್ ತರಿಸಿದರು. ಬೇಡದ್ದಕ್ಕೆ ದುಡ್ಡು ಕಿತ್ತಿದ್ದೀರಿ ಅಂತ ಕಸ್ಟಮರ್ ಕೇರ್‌ಗೆ ಬರ್ತಿದ್ದ ಫೋನುಗಳು ಬೇರೆ ಮಹಡಿಗೆ ಬರ್ತಿದ್ವು. ನನ್ನ ಚಾರ್ಟಲ್ಲಿ ಅವು ಇರಲಿಲ್ಲ. ಎಷ್ಟು ಜನ ಒತ್ತಿದರು ಅಂತ ಎಣಿಸಿದ್ದೆ, ಗೊತ್ತಿದ್ದು ಒತ್ತಿದರಾ ಅಂತ ಕೇಳಿರಲಿಲ್ಲ.

ಈಗ ಅದಕ್ಕೆ ಕಾನೂನಿನ ಹೆಸರೂ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಆಟಗಳ ಪಟ್ಟಿ ಇದೆ. ಕೇಳದೆ ಚೀಲಕ್ಕೆ ಹಾಕೋದು ಬ್ಯಾಸ್ಕೆಟ್ ಸ್ನೀಕಿಂಗ್. ಕೊನೆಗೆ ಬೆಲೆ ಏರಿಸೋದು ಡ್ರಿಪ್ ಪ್ರೈಸಿಂಗ್. (ಡ್ರಿಪ್ ಅಂದ್ರೆ ತೋಟಕ್ಕೆ ನೀರು ಹನಿಸೋದು ಅಂತ ಮಾತ್ರ ಗೊತ್ತಿರೋ ಚಿಕ್ಕಪ್ಪನಿಗೆ ಇದನ್ನ ಹೇಳೋಕೆ ಹೋಗಲಿಲ್ಲ.)

ಅವತ್ತು ರಾತ್ರಿ ಕೂತು ಬದಲಾಯಿಸಿದ್ವಿ. ಕೊರಿಯರ್ ಸೇರಿಸಿ ಒಂದೇ ಬೆಲೆ, ಮೊದಲ ಪುಟದಲ್ಲೇ. ಖಾತೆ ಬೇಡ, ಹುಟ್ಟಿದ ದಿನ ಬೇಡ. 'ಗಾಣದ ಕೊಬ್ಬರಿ ಎಣ್ಣೆ' ಅಂತ ಕನ್ನಡದಲ್ಲಿ ದೊಡ್ಡದಾಗಿ. ದೊಡ್ಡವರೇ ಈ ದಾರಿಗೆ ಬಂದಿದ್ದಾರಲ್ಲ, ಫ್ಲಿಪ್‌ಕಾರ್ಟ್ 2020ರ ಜೂನಿನಲ್ಲಿ, ಅಮೆಜಾನ್ ಅದೇ ಸೆಪ್ಟೆಂಬರಿನಲ್ಲಿ ಕನ್ನಡ ತಂದವು. ದುಡ್ಡು ಮನೆಗೆ ಬಂದಮೇಲೆ ಕೊಡಿ ಅನ್ನೋದನ್ನ ಮಾತ್ರ ತಮ್ಮ ಒಪ್ಪಲಿಲ್ಲ. 2010ರಲ್ಲಿ ಫ್ಲಿಪ್‌ಕಾರ್ಟ್ ಅದನ್ನ ಶುರು ಮಾಡಿದ್ದು ಜನರ ಅಪನಂಬಿಕೆ ಕಳೆಯೋಕೆ ಅಂದೆ. "ಅವ್ರು ವಾಪಸ್ ಬಂದಿದ್ದನ್ನ ತಡ್ಕೊಳ್ತಾರೆ ಅಣ್ಣ, ನಂಗಾಗಲ್ಲ" ಅಂದ. ಸರಿಯೇ. ಬದಲಿಗೆ ಚಿಕ್ಕಪ್ಪನ ಫೋನ್ ನಂಬರ್ ಹಾಕಿದ್ವಿ. ಸೋಪಿನ ಟಿಕ್ ತೆಗೆಯೋವಾಗ ತಮ್ಮನಿಗೆ ಕಷ್ಟ ಆಯ್ತು. ಎಣ್ಣೆಗಿಂತ ಸೋಪಲ್ಲೇ ನಾಲ್ಕು ಕಾಸು ಉಳೀತಿತ್ತು ಅವನಿಗೆ.

ದೀಪಾವಳಿಗೆ ಮತ್ತೆ ಹೋಗಿದ್ದೆ. ಆರ್ಡರು ಜಾಸ್ತಿಯಾಗಿದೆ, ಬೆಂಗಳೂರಿನ ಮಾತು ತಮ್ಮ ಎತ್ತಲಿಲ್ಲ. ನಮ್ಮ ಬದಲಾವಣೆಯಿಂದ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಎಣ್ಣೆ ನೀರಿನ ಹಬ್ಬಕ್ಕೆ ಎಣ್ಣೆ ಹೇಗಿದ್ರೂ ಖರ್ಚಾಗುತ್ತೆ. ಹಳೇ ಪುಟ, ಹೊಸ ಪುಟ ಒಟ್ಟೊಟ್ಟಿಗೆ ಓಡಿಸಿದ್ರೆ ತಾನೇ ಗೊತ್ತಾಗೋದು? ಸಂಕ್ರಾಂತಿ ಕಳೀಲಿ, ನೋಡೋಣ. ಚಿಕ್ಕಪ್ಪನ ಫೋನಂತೂ ಬಿಡುವಿಲ್ಲ. ಎಣ್ಣೆ ಕೇಳೋಕೆ ಫೋನ್ ಮಾಡಿದವರಿಗೆ ಮಳೆ ಬೆಳೆ ಎಲ್ಲ ವಿಚಾರಿಸ್ತಾರೆ.

ಸೋಪು ಮಾತ್ರ ಅಟ್ಟದ ತುಂಬ ಉಳಿದಿದೆ. ಹೊರಡೋವಾಗ ಬ್ಯಾಗು ಯಾಕೋ ಭಾರ ಅನ್ನಿಸ್ತು. ಬೆಂಗಳೂರಿಗೆ ಬಂದು ಬಿಚ್ಚಿ ನೋಡಿದ್ರೆ ಬಟ್ಟೆ ಕೆಳಗೆ ಎಂಟು ಸೋಪು. ಕೇಳದೇನೇ ಹಾಕಿದ್ರು ಚಿಕ್ಕಮ್ಮ.