ಛಾಟಿನ ಬುಟ್ಟಿ

ಮೂವತ್ತೊಂದು ವರ್ಷ ನಾನು ನಿಪ್ಪಾಣಿಯಲ್ಲಿ ಬೀಡಿ ಆರಿಸಿದೆ. ಹೆಂಗಸರು ಮನೆಯಲ್ಲಿ ಸುತ್ತಿ ತಂದ ಬೀಡಿಗಳಲ್ಲಿ ತುದಿ ಸಡಿಲಾದದ್ದು, ಎಲೆ ಸೀಳಿದ್ದು, ತಂಬಾಕು ಕಡಿಮೆ ಬಿದ್ದದ್ದನ್ನು ಹೆಕ್ಕಿ ಪಕ್ಕದ ಬುಟ್ಟಿಗೆ ಎಸೆಯುವುದು ನನ್ನ ಕೆಲಸ. ಹಾಗೆ ಎಸೆದದ್ದಕ್ಕೆ ಛಾಟ್ ಅನ್ನುತ್ತಾರೆ. ಛಾಟಿಗೆ ಮಜೂರಿ ಇಲ್ಲ. ಆದರೆ ಆ ಬೀಡಿ ಸುತ್ತಿದವಳಿಗೆ ವಾಪಸು ಹೋಗುವುದೂ ಇಲ್ಲ. ನಮ್ಮಲ್ಲಿ ಅದೂ ಮಾರಾಟವಾಗುತ್ತಿತ್ತು, ಸ್ವಲ್ಪ ಅಗ್ಗಕ್ಕೆ.

ಐತವಾರ ನಾನು ಸಭೆಯ ಹಿರಿಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸತ್ಯವೇದ ಓದುತ್ತಿದ್ದೆ. ಮನೆಯಲ್ಲಿ ಕನ್ನಡ, ದೇವಾಲಯದಲ್ಲಿ ನಾರಾಯಣ ವಾಮನ ಟಿಳಕರ ಮರಾಠಿ ಹಾಡು. ಗಡಿಯ ಕ್ರೈಸ್ತರ ಬಾಯಿ ಹೀಗೇ, ಎರಡು ಕಡೆಯದು. ನಮ್ಮ ಮನೆತನಕ್ಕೆ ಈ ವಿಶ್ವಾಸ ಬಂದದ್ದು ಕಾಗವಾಡದ ನನ್ನ ಅಜ್ಜಿಯಿಂದ. 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಮಿರಜಿನಲ್ಲಿ ಶುರು ಮಾಡಿದ ದವಾಖಾನೆಯಲ್ಲಿ ಆಕೆ ಆಯಾ ಆಗಿದ್ದಳು. ಅಥಣಿ, ರಾಯಬಾಗ, ಚಿಕ್ಕೋಡಿಯ ರೋಗಿಗಳು ಆಗಲೂ ಅಲ್ಲಿಗೇ ಹೋಗುತ್ತಿದ್ದರು, ಈಗಲೂ ಮಿರಜಿಗೇ ಹೋಗುತ್ತಾರೆ. ರಕ್ತ, ಕೀವಿನ ಪಟ್ಟಿಗಳನ್ನು ಒಗೆದು ಒಣಗಿಸುವುದು ಅಜ್ಜಿಯ ಪಾಲಿಗೆ ಬಂದ ಕೆಲಸ. ‘ಯಾರ ಮೈಮ್ಯಾಗಿಂದು ಅಂತ ಕೇಳಬಾರದು, ಚೊಕ್ಕ ಒಗೀಬೇಕು, ಅಷ್ಟ’ ಅನ್ನುತ್ತಿದ್ದಳು. ಆ ಮಾತಿನಲ್ಲಿ ನನಗೆ ಹಿಡಿಸಿದ್ದು ‘ಚೊಕ್ಕ’ ಒಂದೇ.

ಚೊಕ್ಕವಾಗಿಯೇ ದುಡಿದೆ. ಒಂದು ದಿನ ತಡವಾಗಿ ಹೋಗಲಿಲ್ಲ, ಒಂದು ಕಟ್ಟು ಬೀಡಿ ಜೇಬಿಗೆ ಹಾಕಲಿಲ್ಲ. ಸೇದಲಂತೂ ಇಲ್ಲ. (ಸೇದದವನು ಜಗತ್ತಿಗೆ ಬೀಡಿ ಕಳಿಸುವುದು ಇನ್ನೊಂದು ಲೆಕ್ಕ, ಅದನ್ನು ಇನ್ನೂ ತೆರೆದಿಲ್ಲ.) ‘ಸಾವಿರಕ್ಕ ನಲವತ್ತರ ಕೆಳಗ ಇಳೀಬ್ಯಾಡ’ ಅಂತ ಮಾಲಕರು ಹೇಳಿದ್ದರು. ಕೆಟ್ಟದ್ದು ಇಪ್ಪತ್ತೇ ಇದ್ದರೂ ನಲವತ್ತು ತೆಗೆದೆ. ಉಳಿದ ಇಪ್ಪತ್ತಕ್ಕೆ ದೋಷ ಹುಡುಕಬೇಕಲ್ಲ, ಅದಕ್ಕೂ ಶ್ರದ್ಧೆ ಬೇಕು. ನನ್ನಲ್ಲಿ ಬೇಕಾದಷ್ಟಿತ್ತು.

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಕೊನೆ ನನಗೆ ಬಾಯಿಪಾಠ. ಯಾವ ಕೆಲಸವನ್ನೇ ಮಾಡಲಿ, ಮನುಷ್ಯರಿಗಲ್ಲ, ಕರ್ತನಿಗೇ ಮಾಡುತ್ತಿದ್ದೇವೆಂದು ಮನಃಪೂರ್ವಕವಾಗಿ ಮಾಡಬೇಕೆಂದು ಪೌಲ ಅಲ್ಲಿ ದಾಸರಿಗೆ ಹೇಳುತ್ತಾನೆ. ಯುವಕರ ಕೂಟದಲ್ಲಿ ಇದನ್ನೇ ಹಿಡಿದು ಎಷ್ಟೋ ಸಲ ಮಾತಾಡಿದ್ದೇನೆ. ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚುತ್ತಿದ್ದೆ. ನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲಿ ಪೌಲ ಯಜಮಾನರ ಕಡೆ ತಿರುಗಿ, ನಿಮ್ಮ ಕೈಕೆಳಗಿನವರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಮೇಲೊಬ್ಬ ಯಜಮಾನನಿದ್ದಾನೆ ಅನ್ನುತ್ತಾನೆ. ಅಧ್ಯಾಯದ ಗೆರೆ ಪೌಲ ಹಾಕಿದ್ದಲ್ಲ, ನೂರಾರು ವರ್ಷ ಕಳೆದ ಮೇಲೆ ಯಾರೋ ಹಾಕಿದ್ದು. ನನಗೆ ಅದು ಭಾರೀ ಅನುಕೂಲಕ್ಕೆ ಬಂತು. ಮಾಲಕನ ಮುಂದೆ ನಾನು ದಾಸ, ಸರಿ. ಬೀಡಿ ತಂದವಳ ಮುಂದೆ ಯಾರಾಗಿದ್ದೆ?

1981ರ ಮಾರ್ಚಿನಲ್ಲಿ ರೈತ ನಾಯಕ ಶರದ್ ಜೋಶಿಯವರ ಜೊತೆ ತಂಬಾಕು ರೈತರು ಊರ ಪಕ್ಕದ ಹೆದ್ದಾರಿಯ ಮೇಲೆ ಕೂತರು, ಬೆಲೆ ಕೊಡಿ ಅಂತ. ಏಪ್ರಿಲ್ 6ಕ್ಕೆ ಗೋಲಿಬಾರಾಗಿ ರೈತರು ಸತ್ತರು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವು ಲೆಂಟಿನ ದಿನಗಳು, ಈಸ್ಟರಿಗೆ ಎರಡು ವಾರವೂ ಉಳಿದಿರಲಿಲ್ಲ. ಶುಕ್ರವಾರ ಶುಕ್ರವಾರ ಉಪವಾಸ ಮಾಡಿ, ಯೇಸುವನ್ನು ಬಿಟ್ಟು ಓಡಿಹೋದ ಶಿಷ್ಯರ ಮೇಲೆ ಮರುಗುತ್ತಿದ್ದೆ. ರಸ್ತೆಯ ಕಡೆ ಒಂದು ದಿನವೂ ಕಾಲಿಡಲಿಲ್ಲ. ಕೆಲಸ ಬಿಟ್ಟು ಹೋಗುವುದು ಧರ್ಮವಲ್ಲ ಅಂದುಕೊಂಡಿದ್ದೆ.

ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಲಗ್ನಪತ್ರಿಕೆಯ ಹಿಂಬದಿ ಲೆಕ್ಕಕ್ಕೆ ಕೂತೆ. ನನ್ನ ಮೇಜಿಗೆ ದಿನಾ ಅರವತ್ತು ಹೆಂಗಸರು, ಒಬ್ಬೊಬ್ಬಳದು ಹತ್ತಿರ ಹತ್ತಿರ ಸಾವಿರ. ಒಬ್ಬೊಬ್ಬಳಿಂದ ಸುಳ್ಳು ಇಪ್ಪತ್ತು ಅಂದರೆ ದಿನಕ್ಕೆ ಸಾವಿರದ ಇನ್ನೂರು ಬೀಡಿ. ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಬೆನ್ನು ಬಗ್ಗಿಸಿ ಕೂತರೂ ಒಬ್ಬಳಿಗೆ ಅಷ್ಟು ಸುತ್ತುವುದು ಕಷ್ಟ. ದಿನಾ ಒಬ್ಬ ಹೆಂಗಸನ್ನು ಪುಕ್ಕಟೆ ದುಡಿಸಿದ್ದೆ ಅಂದ ಹಾಗಾಯಿತು. ಸತ್ಯವೇದದ ಸುಂಕದವನು ಜಕ್ಕಾಯ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ತಿರುಗಿ ಕೊಡುತ್ತೇನೆ ಅಂದ. ಅವನ ಹತ್ತಿರ ರೊಕ್ಕವಿತ್ತು. ನನ್ನ ಹತ್ತಿರ ಆ ಬೀಡಿಗಳ ರೊಕ್ಕ ಒಂದು ಪೈಸೆಯೂ ಬಂದಿಲ್ಲ. ಬರೀ ಪಗಾರಕ್ಕೆ, ‘ನಂಬಿಗಸ್ತ ಮನುಷ್ಯ’ ಅನ್ನುವ ಮಾತಿಗೆ ಕದ್ದುಕೊಟ್ಟೆ. ಕಾನೂನು ಇರಲಿಲ್ಲ ಅನ್ನುವಂತೆಯೂ ಇಲ್ಲ. ತೆಗೆದುಹಾಕಿದ ಬೀಡಿಯ ತಕರಾರನ್ನು ಅಧಿಕಾರಿಯ ಮುಂದೆ ಒಯ್ಯಬಹುದೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಆ ಅರವತ್ತರಲ್ಲಿ ಒಬ್ಬರು ನಮ್ಮ ಸಭೆಯವರೇ, ನನಗಿಂತ ಹಿರಿಯರು. ಹೆಸರು ಬೇಡ. ಹೋದ ವರ್ಷ ಅವರ ಮನೆಗೆ ಹೋದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ, ಅದರಲ್ಲಿ ಕಣ್ಣೀರಿಗೂ ಒಂದು ಜಾಗವಿತ್ತು. ಅರ್ಧ ಹೇಳುವುದರೊಳಗೆ ಅವರು ತಡೆದರು.

‘ನಮಗ ಗೊತ್ತಿತ್ರಿ ಅಣ್ಣಾರ. ಅದಕ್ಕ ಸಾವಿರಕ್ಕ ಐವತ್ತು ಹೆಚ್ಚಿಗಿ ಸುತ್ತತಿದ್ವಿ. ಎಲಿ ಸಾಲಲಿಲ್ಲಂದ್ರ ಪ್ಯಾಟ್ಯಾಗ ರೊಕ್ಕಾ ಕೊಟ್ಟು ತರತಿದ್ವಿ.’

‘ಒಮ್ಮೆಯಾದರೂ ಕೇಳಲಿಲ್ಲ ನೀವು?’

‘ಯಾರನ್ನ ಕೇಳೂದ್ರಿ? ನೀವು ತಲಿ ಎತ್ತತಿದ್ದಿಲ್ಲ. ಐತವಾರ ಗುಡಿ ಮುಂದ ಹೆಂಗದೀರಿ ಅಕ್ಕಾರ ಅಂತ ಮಾತಾಡ್ಸವ್ರು, ಸ್ವಾಮವಾರ ಮಾರಿ ಗುರ್ತ ಸಿಗಧಂಗ ಕುಂತಿರ್ತಿದ್ರಿ.’

ಸಿಟ್ಟಿನಿಂದ ಹೇಳಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಚಹಾ ಮಾಡಲು ಒಳಗೆ ಹೋದರು. ಬಾಗಿಲ ಬೆಳಕಿಗೆ ಅವರ ಸೊಸೆ ಮೊರ ತೊಡೆಯ ಮೇಲಿಟ್ಟುಕೊಂಡು ಆ ದಿನದ ಬೀಡಿಗೆ ದಾರ ಸುತ್ತುತ್ತಿದ್ದಳು, ಇಪ್ಪತ್ತೈದಕ್ಕೆ ಒಂದು ಕಟ್ಟು. ಸುಮ್ಮನೆ ಕೂತು ಎಣಿಸಿದೆ. ನಲವತ್ತಾಯಿತು, ಸಾವಿರ ತುಂಬಿತು. ಅವಳು ದಾರ ಹರಿಯಲಿಲ್ಲ. ಇನ್ನೊಂದು ಕಟ್ಟಿದಳು, ಆಮೇಲೆ ಮತ್ತೊಂದು.